ಕಾಲುವೆಯ ಕೊನೆಯ ಹೊಲಕ್ಕೂ ನೀರು ಬರಲಿ

ನಮ್ಮ ಕ್ಯಾಂಪಸ್ಸಿನಲ್ಲಿ ಎಂಜಿನಿಯರಿಂಗ್ ವಿಭಾಗಗಳ ಪಕ್ಕದಲ್ಲೇ ಒಂದು ಎಂಬಿಎ ವಿಭಾಗವಿದೆ. ರಾಜ್ಯದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೀಗೇ ಇದೆ. ಕ್ಯಾಂಟೀನ್ ಒಂದೇ, ಬಸ್ಸು ಒಂದೇ, ಗ್ರಂಥಾಲಯ ಒಂದೇ. ಆದರೂ ಆ ಕಡೆ ಏನು ನಡೀತಿದೆ ಅಂತ ಈ ಕಡೆಯವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ನಮಗೆ ಗೊತ್ತಾಗುವುದು ಕನ್ನಡ ಸಂಘದ ಮೂಲಕ. ನಮ್ಮ ಚರ್ಚಾಸ್ಪರ್ಧೆಗೆ, ರಾಜ್ಯೋತ್ಸವದ ನಾಟಕಕ್ಕೆ, ಈ ಪತ್ರಿಕೆಯ ಕೆಲಸಕ್ಕೆ ಅಲ್ಲಿಂದ ಪ್ರತಿ ವರ್ಷ ಹತ್ತಾರು ಜನ ಬರುತ್ತಾರೆ. ಬಹುತೇಕರು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು, ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿ ಬಿಕಾಂ ಮುಗಿಸಿದವರು. ವೇದಿಕೆ ಮೇಲೆ ಎದುರಾಳಿಯ ವಾದವನ್ನು ಎರಡೇ ಮಾತಲ್ಲಿ ಮುರಿಯುವ ಇವರು, ತಮ್ಮದೇ ವಿಭಾಗದ ಗ್ರೂಪ್ ಡಿಸ್ಕಷನ್ನಿನಲ್ಲಿ ಬಾಯಿ ಬಿಡುವುದಿಲ್ಲ.

ಇದು ಯಾಕೆ ಹೀಗೆ ಅನ್ನೋದೇ ಈ ಬರಹದ ಪ್ರಶ್ನೆ. ಮ್ಯಾನೇಜ್‌ಮೆಂಟ್ ಶಿಕ್ಷಣದವರು ಈಗ ಡೈವರ್ಸಿಟಿ, ಇಕ್ವಿಟಿ, ಇನ್‌ಕ್ಲೂಷನ್ ಎಂಬ ಮೂರು ಪದಗಳನ್ನು ಪಾಠವಾಗಿಯೇ ಓದುತ್ತಾರೆ. ಎಚ್‌ಆರ್ ಪೇಪರಿನಲ್ಲಿ ಪ್ರಶ್ನೆಯಾಗಿಯೂ ಬರುತ್ತದೆ. ಕಂಪನಿಗಳಲ್ಲಿ ಇದನ್ನು ಹೇಗೆ ತರಬೇಕು ಅಂತ ಹತ್ತು ಅಂಕಕ್ಕೆ ಬರೆಯುವ ವಿದ್ಯಾರ್ಥಿಗಳು ಕೂತಿರುವ ತರಗತಿಯಲ್ಲೇ ಅದು ಇದೆಯೇ ಎಂದು ಕೇಳಿದರೆ ತಪ್ಪೇನಿಲ್ಲ ಅಲ್ವಾ?

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ಡೈವರ್ಸಿಟಿ ಅಂದರೆ ಬೇರೆಬೇರೆ ಹಿನ್ನೆಲೆಯವರು ಇರುವುದು. ಇನ್‌ಕ್ಲೂಷನ್ ಅಂದರೆ ಇರುವವರೆಲ್ಲ ನಿಜಕ್ಕೂ ಒಳಗಿನವರಾಗುವುದು. ಇಕ್ವಿಟಿ ಸ್ವಲ್ಪ ಕಷ್ಟದ್ದು. ಅದಕ್ಕೆ ನಮ್ಮ ನಾಡಿನದೇ ಉದಾಹರಣೆ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ನೋಡಿ. ಅಣೆಕಟ್ಟಿನಿಂದ ನೀರು ಬಿಟ್ಟಾಗ ಅದು ಎಲ್ಲರಿಗೂ ಅಂತಲೇ ಬಿಡುವುದು. ಕಾಲುವೆಯ ಮೇಲ್ಭಾಗದಲ್ಲಿ ಯಥೇಚ್ಛವಾಗಿ ಭತ್ತ ಬೆಳೆಯುತ್ತಾರೆ. ಕೆಳಗೆ ರಾಯಚೂರು, ಮಾನ್ವಿ ಭಾಗದ ಕೊನೆಯಂಚಿನ ರೈತರು ನೀರು ಬರಲಿಲ್ಲ ಅಂತ ರಸ್ತೆಗಿಳಿಯುತ್ತಾರೆ. ಕಾಲುವೆ ನಕ್ಷೆಯಲ್ಲಿ ಅವರ ಹೊಲವೂ ನೀರಾವರಿ ಜಮೀನೇ. ಆದರೆ ಹೊಲ ಒಣಗಿದೆ. ಗೇಟು ತೆರೆದರೆ ಸಮಾನತೆ ಆಯ್ತು ಅನ್ನೋದು ಒಂದು ವಾದ. ಕೊನೆಯ ಹೊಲಕ್ಕೆ ನೀರು ಮುಟ್ಟಿತಾ ಅಂತ ನೋಡೋದು ಇನ್ನೊಂದು. ಈ ಎರಡನೆಯದೇ ಇಕ್ವಿಟಿ. ಕನ್ನಡದಲ್ಲಿ ಸಮತೆ ಅನ್ನೋಣ. ಸಿವಿಲ್ ಓದುವ ಗೆಳೆಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಪ್ರವೇಶದ ಮಟ್ಟಿಗೆ ನಮ್ಮ ನಾಡು ಹಿಂದೆ ಬಿದ್ದಿಲ್ಲ. 1918ರಲ್ಲೇ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿ, ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಸಿಗುವುದು ಹೇಗೆ ಎಂದು ಕೇಳಿದರು. ಆಗ ದಿವಾನರಾಗಿದ್ದವರು ನಾವು ಪ್ರತಿ ಸೆಪ್ಟೆಂಬರ್ 15ರಂದು ಹಾರ ಹಾಕುವ ಸರ್ ಎಂ. ವಿಶ್ವೇಶ್ವರಯ್ಯನವರು. ಆಯ್ಕೆಗೆ ಅರ್ಹತೆಯೊಂದೇ ಅಳತೆಗೋಲಾಗಬೇಕು, ಇಲ್ಲದಿದ್ದರೆ ಆಡಳಿತದ ಗುಣಮಟ್ಟ ಕುಸಿಯುತ್ತದೆ ಎಂಬುದು ಅವರ ನಿಲುವು. ಈ ಭಿನ್ನಾಭಿಪ್ರಾಯದ ನಡುವೆಯೇ ಅವರು ದಿವಾನಗಿರಿ ಬಿಟ್ಟರು. ಎಂಜಿನಿಯರ್ಸ್ ಡೇ ಭಾಷಣಗಳಲ್ಲಿ ಕನ್ನಂಬಾಡಿ ಬರುತ್ತದೆ, ಭದ್ರಾವತಿ ಬರುತ್ತದೆ, ಮೈಸೂರು ಬ್ಯಾಂಕ್ ಬರುತ್ತದೆ. ಈ ಪ್ರಸಂಗ ಮಾತ್ರ ಬರುವುದಿಲ್ಲ. ಸರ್‌ ಎಂ.ವಿ. ಬಗ್ಗೆ ನಮಗಿರುವ ಗೌರವ ಒಂದಿಷ್ಟೂ ಕಡಿಮೆಯಲ್ಲ. ಆದರೆ ಆ ವಾದದಲ್ಲಿ ಮಹಾರಾಜರ ಕಡೆಯೇ ಸರಿ ಇತ್ತು ಎಂದು ನಾವು ನಂಬುತ್ತೇವೆ. ನೂರು ವರ್ಷದ ಹಿಂದೆ ಮೈಸೂರು ಆ ದಾರಿ ಹಿಡಿಯದೇ ಹೋಗಿದ್ದರೆ, ಆಮೇಲೆ 1970ರ ದಶಕದಲ್ಲಿ ಹಾವನೂರು ಆಯೋಗ ಬರದೇ ಹೋಗಿದ್ದರೆ, ಇವತ್ತು ಈ ಪತ್ರಿಕೆ ಓದುತ್ತಿರುವವರಲ್ಲಿ ಅರ್ಧಕ್ಕರ್ಧ ಜನ ಈ ಕ್ಯಾಂಪಸ್ಸಿನಲ್ಲಿ ಇರುತ್ತಿರಲಿಲ್ಲ. ಸಂವಿಧಾನದ 371(ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೂ ಬಾಗಿಲು ಇನ್ನಷ್ಟು ತೆರೆಯಿತು.

ಆದರೆ ಸೀಟು ಸಿಗುವುದು ಗೇಟು ತೆರೆದಂತೆ ಅಷ್ಟೇ. ಸೀಟು ಸಿಕ್ಕಿದ ಮೇಲಿನ ಎರಡು ವರ್ಷ ಏನಾಗುತ್ತದೆ ಅನ್ನೋದನ್ನು ಯಾವ ಕೌನ್ಸೆಲಿಂಗ್ ಕೂಡ ನೋಡುವುದಿಲ್ಲ. ಅಲ್ಲೇ ನೀರು ಸೋರಿ ಹೋಗುವುದು.

ಎಂಬಿಎ ತರಗತಿಯಲ್ಲಿ ಮಾತೇ ಬಂಡವಾಳ. ಎಂಜಿನಿಯರಿಂಗ್‌ನಲ್ಲಿ ಸರ್ಕ್ಯೂಟ್ ಕೆಲಸ ಮಾಡಿದರೆ ಸಾಕು, ಅದನ್ನು ಕಟ್ಟಿದವನ ಇಂಗ್ಲಿಷ್ ಹೇಗಿದ್ದರೂ ಬಲ್ಬು ಉರಿಯುತ್ತದೆ. ಅಲ್ಲಿ ಹಾಗಲ್ಲ. ಪ್ರೆಸೆಂಟೇಷನ್, ಕೇಸ್ ಡಿಸ್ಕಷನ್, ಸೆಮಿನಾರ್, ರೋಲ್ ಪ್ಲೇ ಹೀಗೆ ಎಲ್ಲದಕ್ಕೂ ಇಂಟರ್ನಲ್ ಅಂಕ ಇದೆ. ಎಲ್ಲವೂ ಯಾರು ಮೊದಲು ಕೈ ಎತ್ತಿದರು, ಯಾರು ದಮ್ಮು ಕಟ್ಟಿ ಮಾತಾಡಿದರು ಅನ್ನೋದರ ಮೇಲೆ ನಿಂತಿದೆ. ನಗರದ ಕಾನ್ವೆಂಟಿನಿಂದ ಬಂದವರು ಮೊದಲ ಹತ್ತು ನಿಮಿಷ ತೆಗೆದುಕೊಳ್ಳುತ್ತಾರೆ. ಅವರ ತಪ್ಪಲ್ಲ, ಅವರಿಗೆ ಅಭ್ಯಾಸವಿದೆ. ಉಳಿದವರು ಇಂಗ್ಲಿಷಿನಲ್ಲಿ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸುತ್ತಿರುವಾಗ ಚರ್ಚೆ ಮುಂದಿನ ಪಾಯಿಂಟಿಗೆ ಹೋಗಿರುತ್ತದೆ. ಮೇಷ್ಟ್ರ ಪುಸ್ತಕದಲ್ಲಿ ಮಾತಾಡಿದವರ ಹೆಸರಿಗೆ ಟಿಕ್ ಬೀಳುತ್ತದೆ. ಮೂರನೇ ಸೆಮಿಸ್ಟರ್ ಹೊತ್ತಿಗೆ ಯಾರು ‘ಬ್ರೈಟ್’ ಯಾರು ‘ಡಲ್’ ಎಂಬುದು ತೀರ್ಮಾನವಾಗಿಬಿಟ್ಟಿರುತ್ತದೆ.

ಇದು ನಮ್ಮ ಸಣ್ಣ ಊರಿನ ಸಮಸ್ಯೆ ಅಂದುಕೊಳ್ಳಬೇಡಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಶುರುವಾಗಿದ್ದು 1908ರಲ್ಲಿ. ತನ್ನ ಎರಡು ವರ್ಷದ ಎಂಬಿಎಗೆ ಮೊದಲ ವರ್ಷದಿಂದಲೇ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿದ್ದು 1963ರಲ್ಲಿ. ಅದಾಗಿ ನಾಲ್ಕು ದಶಕ ಕಳೆದರೂ, ಗಂಡು ಹುಡುಗರಷ್ಟೇ ಅಂಕ ತಂದು ಒಳಗೆ ಬಂದ ಹುಡುಗಿಯರು ಒಳಗೆ ಬಂದ ಮೇಲೆ ಗ್ರೇಡಿನಲ್ಲಿ ಹಿಂದೆ ಬೀಳುತ್ತಿದ್ದರು. ಅಲ್ಲಿ ಅರ್ಧದಷ್ಟು ಅಂಕ ತರಗತಿಯಲ್ಲಿ ಮಾತಾಡುವುದಕ್ಕೇ ಮೀಸಲು. 2010ರಲ್ಲಿ ಡೀನ್ ಆದ ಭಾರತೀಯ ಮೂಲದ ನಿತಿನ್ ನೋಹ್ರಿಯಾ ಅವರ ಕಾಲದಲ್ಲಿ ಇದಕ್ಕೆ ಮದ್ದು ಹುಡುಕಿದರು. ಯಾರು ಏನು ಹೇಳಿದರು ಅಂತ ಬರೆದುಕೊಳ್ಳಲು ತರಗತಿಯಲ್ಲಿ ಒಬ್ಬರನ್ನು ಕೂರಿಸಿದರು. ತಾವು ಯಾರನ್ನು ಹೆಚ್ಚು ಕರೆಯುತ್ತೇವೆ, ಯಾರಿಗೆ ಎಷ್ಟು ಅಂಕ ಕೊಡುತ್ತೇವೆ ಎಂದು ಪ್ರಾಧ್ಯಾಪಕರೇ ನೋಡಿಕೊಳ್ಳುವ ಸಾಫ್ಟ್‌ವೇರ್ ಕೊಟ್ಟರು. ಕೈ ಎತ್ತುವುದು, ಮಾತಾಡುವುದು ಹೇಗೆ ಅಂತ ವಿದ್ಯಾರ್ಥಿನಿಯರಿಗೆ ತರಬೇತಿ ಕೊಟ್ಟರು. ಗ್ರೇಡಿನ ಅಂತರ ಬಹಳ ಕಡಿಮೆಯಾಯಿತು. ಆದರೆ ದುಡ್ಡಿದ್ದವರು ಮತ್ತು ಇಲ್ಲದವರ ನಡುವಿನ ಗೋಡೆ ಹಾಗೇ ಇದೆ ಅಂತ ಅಲ್ಲಿನ ವಿದ್ಯಾರ್ಥಿಗಳೇ ಹೇಳಿದರು. ಎರಡೂ ನಮಗೆ ಪಾಠ. ಒಂದು, ‘ಅವರು ಮಾತಾಡೋಲ್ಲ’ ಅನ್ನೋದು ಸ್ವಭಾವದ ವಿಷಯವಲ್ಲ, ವ್ಯವಸ್ಥೆ ಬದಲಾದರೆ ಅದೂ ಬದಲಾಗುತ್ತದೆ. ಎರಡು, ಒಂದು ಬಗೆಯ ಭೇದ ಸರಿಪಡಿಸಿದ ಮಾತ್ರಕ್ಕೆ ಉಳಿದವು ತಾವಾಗಿ ಮಾಯವಾಗುವುದಿಲ್ಲ.

ಇನ್ನು ಸಂದರ್ಶನದ ವಿಷಯ. ಪ್ಲೇಸ್‌ಮೆಂಟ್ ಸೀಸನ್ನಿಗೆ ಮುಂಚೆ ಮಾಕ್ ಇಂಟರ್‌ವ್ಯೂ ನಡೆಯುತ್ತದೆ. ಎರಡನೆಯದೋ ಮೂರನೆಯದೋ ಪ್ರಶ್ನೆ: ನಿಮ್ಮ ಫ್ಯಾಮಿಲಿ ಬ್ಯಾಕ್‌ಗ್ರೌಂಡ್ ಹೇಳಿ. ಅಪ್ಪ ಬ್ಯಾಂಕ್ ಮ್ಯಾನೇಜರ್, ಅಮ್ಮ ಲೆಕ್ಚರರ್ ಅಂದವರಿಗೆ ಈ ಪ್ರಶ್ನೆ ಬಿಸಿಲು ಕಾಯಿಸಿದಷ್ಟು ಸುಲಭ. ಅಪ್ಪ ಹಮಾಲಿ, ಅಮ್ಮ ಕೂಲಿಗೆ ಹೋಗುತ್ತಾಳೆ ಅನ್ನಬೇಕಾದವರಿಗೆ ಅಲ್ಲೇ ಗಂಟಲು ಕಟ್ಟುತ್ತದೆ. ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಎಂಬ ಸಮಾಜಶಾಸ್ತ್ರಜ್ಞರು ದೊಡ್ಡ ಕಂಪನಿಗಳ ಎಚ್‌ಆರ್ ಮ್ಯಾನೇಜರುಗಳನ್ನು ಮಾತಾಡಿಸಿ 2007ರಲ್ಲಿ ಬರೆದ ಲೇಖನವೊಂದಿದೆ. ಆ ಮ್ಯಾನೇಜರುಗಳು ತಾವು ಮೆರಿಟ್ ಬಿಟ್ಟು ಬೇರೇನೂ ನೋಡುವುದಿಲ್ಲ ಅಂತಾರೆ. ಅದೇ ಉಸಿರಿನಲ್ಲಿ ಕುಟುಂಬದ ಹಿನ್ನೆಲೆ ಮುಖ್ಯ ಅಂತಲೂ ಅಂತಾರೆ. ಅದೇ ವರ್ಷ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಪತ್ರಿಕಾ ಜಾಹೀರಾತುಗಳಿಗೆ ಒಂದೇ ಮಟ್ಟದ ಅರ್ಹತೆ ಇರುವ ಅರ್ಜಿಗಳನ್ನು ಹೆಸರು ಮಾತ್ರ ಬದಲಿಸಿ ಕಳಿಸಿದ್ದರು. ಮೇಲ್ಜಾತಿ ಹಿಂದೂ ಹೆಸರುಗಳಿಗಿಂತ ದಲಿತ ಹೆಸರು, ಮುಸ್ಲಿಂ ಹೆಸರು ಇದ್ದ ಅರ್ಜಿಗಳಿಗೆ ಕರೆ ಬರುವ ಸಾಧ್ಯತೆ ಕಡಿಮೆ ಇತ್ತು. 2012ರಲ್ಲಿ ಇಕನಾಮಿಕ್ ಆಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಬಂದ ಮತ್ತೊಂದು ಅಧ್ಯಯನ ದೇಶದ 1000 ದೊಡ್ಡ ಕಂಪನಿಗಳ ನಿರ್ದೇಶಕ ಮಂಡಳಿಗಳನ್ನು ನೋಡಿ, ಸದಸ್ಯರಲ್ಲಿ ಸುಮಾರು 93%ರಷ್ಟು ಮುಂದುವರಿದ ಜಾತಿಗಳವರು ಎಂದು ಹೇಳಿತು.

ಇದನ್ನೆಲ್ಲ ಹೇಳುವುದು ಯಾರನ್ನೋ ಬೈಯಲಿಕ್ಕಲ್ಲ. ಮುಂದೆ ಇದೇ ಎಚ್‌ಆರ್ ಕುರ್ಚಿಗಳಲ್ಲಿ ಕೂರುವವರು ಇವತ್ತು ನಮ್ಮ ಎಂಬಿಎ ವಿಭಾಗದಲ್ಲಿದ್ದಾರೆ. ‘ಕೆಟಗರಿ ಸೀಟಾ?’ ಅಂತ ಮೊದಲ ವಾರದಲ್ಲೇ ಕೇಳುವವರೂ, ಆ ಪ್ರಶ್ನೆಗೆ ತಲೆತಗ್ಗಿಸುವವರೂ ಅಲ್ಲೇ ಇದ್ದಾರೆ. ಪಾಠದಲ್ಲಿ ಕಲಿಯದ್ದನ್ನು ಅಭ್ಯಾಸದಲ್ಲಿ ಕಲಿಯುತ್ತಾರೆ. ಆಮೇಲೆ ಅದನ್ನೇ ಕಂಪನಿಗೆ ಹೊತ್ತೊಯ್ಯುತ್ತಾರೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಎಣಿಕೆ ಚೆನ್ನಾಗಿದೆ. ಹಲವು ಎಂಬಿಎ ತರಗತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರೇ. ಐಐಎಂ ಕೋಝಿಕ್ಕೋಡ್ ಕೂಡ 2013ರಲ್ಲಿ ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿನಿಯರ ಬ್ಯಾಚನ್ನು ಸೇರಿಸಿಕೊಂಡು ಸುದ್ದಿಯಾಗಿತ್ತು. ಆದರೆ ಎಣಿಕೆ ಬೇರೆ, ಪಾಲು ಬೇರೆ. ಮಾರ್ಕೆಟಿಂಗ್ ಕಂಪನಿ ಬಂದಾಗ ‘ಟ್ರಾವೆಲ್ ಜಾಸ್ತಿ ಇರತ್ತೆ, ಹುಡುಗರನ್ನ ಕಳ್ಸಿ’ ಅನ್ನುವ ಮಾತು, ಫೆಸ್ಟ್ ಬಂದಾಗ ಪ್ರಾಯೋಜಕರ ಜೊತೆ ಮಾತುಕತೆಗೆ ಹುಡುಗರು, ಅತಿಥಿಗೆ ಹೂಗುಚ್ಛ ಕೊಡಲಿಕ್ಕೆ ಹುಡುಗಿಯರು ಎಂಬ ಏರ್ಪಾಡು ನಿಂತಿಲ್ಲ. ಆರು ಗಂಟೆಗೆ ಹಾಸ್ಟೆಲ್ ಗೇಟು ಮುಚ್ಚಿದ ಮೇಲೆ ಟೀಮ್ ಪ್ರಾಜೆಕ್ಟಿನ ಸಭೆಗಳು ಶುರುವಾಗುತ್ತವೆ. ಮಾರನೇ ದಿನ ‘ಅವಳು ಕಾಂಟ್ರಿಬ್ಯೂಟ್ ಮಾಡಲಿಲ್ಲ’ ಅಂತ ಆರೋಪ. ಗೇಟು ಹಾಕಿದವರು ಒಬ್ಬರು, ಅಂಕ ಹೋಗುವುದು ಇನ್ನೊಬ್ಬರದ್ದು.

ಅಂಗವಿಕಲ ಗೆಳೆಯರ ಪಾಡು ಇನ್ನೂ ಗಟ್ಟಿಯಾಗಿ ಹೇಳಬೇಕಾದದ್ದು. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ 5%ಕ್ಕೆ ಕಡಿಮೆಯಿಲ್ಲದಂತೆ ಸೀಟು ಕೊಡಬೇಕು ಎನ್ನುತ್ತದೆ. ಬರೆಯಲು ತೊಂದರೆ ಇರುವವರಿಗೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂಬ ಮಾರ್ಗಸೂಚಿಯೂ ಇದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಕೇಳುವುದೇ ಇಲ್ಲ. ಕಂಪ್ಯೂಟರ್ ಲ್ಯಾಬು ಮೂರನೇ ಮಹಡಿಯಲ್ಲಿದ್ದು ಲಿಫ್ಟು ‘ಸ್ಟಾಫ್ ಓನ್ಲಿ’ ಆಗಿದ್ದರೆ ಯಾವ ಕಾಯ್ದೆ ಇದ್ದು ಏನು ಬಂತು? ರಾಂಪ್ ಕಟ್ಟುವುದು, ಅದರ ಇಳಿಜಾರು ಸರಿಯಿದೆಯಾ ನೋಡುವುದು ಎಂಜಿನಿಯರಿಂಗ್ ಕಾಲೇಜಿಗೆ ಬಾರದ ವಿದ್ಯೆಯೇನಲ್ಲ.

ಈಗ ದುಡ್ಡು. ಫೀಜು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಬ್ಲೇಜರಿನ ದುಡ್ಡು, ಶೂ ದುಡ್ಡು, ಇಂಡಸ್ಟ್ರಿಯಲ್ ವಿಸಿಟ್ ದುಡ್ಡು, ಫೆಸ್ಟ್ ವಂತಿಗೆ, ಪ್ರಾಜೆಕ್ಟ್ ಬೈಂಡಿಂಗ್ ದುಡ್ಡು. ಸ್ಕಾಲರ್‌ಶಿಪ್ ಸಕಾಲಕ್ಕೆ ಬರದಿದ್ದಾಗ ಇವಿಷ್ಟೂ ಸಾಲವಾಗುತ್ತವೆ. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ’ ಅನ್ನೋ ಗಾದೆ ಇದೆಯಲ್ಲ, ಇಲ್ಲಿ ಮಲ್ಲಿಗೆ ಮುಡಿಯದಿದ್ದರೆ ಫೈನು.

ಇಷ್ಟು ಹೇಳಿದ ಕೂಡಲೇ ಬರುವ ಮಾತು ಒಂದಿದೆ: ‘ಇಂಗ್ಲಿಷ್ ಇಲ್ಲದೆ ಕಾರ್ಪೊರೇಟ್ ಕೆಲಸ ಸಿಗುತ್ತಾ? ಕನ್ನಡ ಸಂಘದವರು ಭಾವುಕರಾಗಿ ಮಾತಾಡಿ ಹುಡುಗರ ದಾರಿ ತಪ್ಪಿಸ್ತೀರಿ.’ ಇಲ್ಲ ಸ್ವಾಮಿ. ಇಂಗ್ಲಿಷ್ ಬೇಕು, ಚೆನ್ನಾಗಿಯೇ ಬೇಕು. ಬೇಕಾದದ್ದನ್ನು ಕಲಿಸಬೇಕು ಎನ್ನುವುದು ನಮ್ಮ ವಾದ. ಈಗ ನಡೆಯುತ್ತಿರುವುದು ಕಲಿಸುವ ಕೆಲಸವಲ್ಲ, ಬಂದವರಿಗೆ ಅಂಕ ಕೊಟ್ಟು ಬಾರದವರಿಗೆ ಕಡಿತ ಮಾಡುವ ಕೆಲಸ. ಮೇಲಾಗಿ ವ್ಯಾಪಾರದ ದೃಷ್ಟಿಯಿಂದಲೇ ನೋಡಿ. ವಿಜಯಪುರದಲ್ಲಿ ಟ್ರಾಕ್ಟರ್ ಮಾರುವವರಿಗೆ, ಹಾವೇರಿಯಲ್ಲಿ ಬೀಜ ಮಾರುವವರಿಗೆ, ಚಿತ್ರದುರ್ಗದಲ್ಲಿ ಸಾಲ ಕೊಡುವ ಬ್ಯಾಂಕಿಗೆ ಬೇಕಿರುವುದು ಯಾವ ಭಾಷೆ? ಬ್ಯಾಲೆನ್ಸ್ ಶೀಟ್ ಓದಬಲ್ಲ, ಸಂತೆಯಲ್ಲಿ ರೈತನ ಜೊತೆ ಕೂತು ಚಹಾ ಕುಡಿಯುತ್ತಾ ಮಾತಾಡಬಲ್ಲ ವ್ಯಕ್ತಿ ಕಂಪನಿಗೆ ಲಾಭವೋ ನಷ್ಟವೋ? ನಮ್ಮ ವಿಭಾಗಗಳು ಇದನ್ನು ಕೌಶಲ ಅಂತ ಎಣಿಸುವುದೇ ಇಲ್ಲ. ರೆಸ್ಯೂಮೆಯ ಕೊನೆಯ ಸಾಲಿನಲ್ಲಿ ‘ಗೊತ್ತಿರುವ ಭಾಷೆಗಳು’ ಅಂತ ಬರೆದು ಮುಗಿಸುತ್ತಾರೆ.

ಪಾಠದಲ್ಲೂ ಅಷ್ಟೆ. ವಾಲ್‌ಮಾರ್ಟ್, ಸ್ಟಾರ್‌ಬಕ್ಸ್ ಕೇಸುಗಳನ್ನು ಓದಲಿ, ಬೇಡ ಅನ್ನುವುದಿಲ್ಲ. ಆದರೆ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘ, 1928ರಲ್ಲಿ ಕರಾವಳಿಯಲ್ಲಿ ಮನೆಮನೆಗೆ ಹೋಗಿ ದಿನದ ಪುಡಿಗಾಸನ್ನು ಠೇವಣಿಯಾಗಿ ಸಂಗ್ರಹಿಸಿದ ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಯೋಜನೆ, ಹಳ್ಳಿಯ ಹಾಲಿನ ಡೇರಿಗಳ ಮೇಲೆ ನಿಂತ ನಂದಿನಿ ಇವು ಕೇಸುಗಳಲ್ಲವೇ? 2005ರಲ್ಲಿ ಪುಣೆಯಲ್ಲಿ ಮಿಲಿಂದ್ ಕಾಂಬ್ಳೆ ಅವರು ಕಟ್ಟಿದ ದಲಿತ ಉದ್ಯಮಿಗಳ ಒಕ್ಕೂಟ ‘ಡಿಕ್ಕಿ’ಯ ಬಗ್ಗೆ ಎಷ್ಟು ಎಂಟರ್‌ಪ್ರೆನ್ಯೂರ್‌ಶಿಪ್ ತರಗತಿಗಳಲ್ಲಿ ಮಾತು ಬರುತ್ತದೆ? ಹಾರ್ವರ್ಡ್‌ನವರೇ 2014ರಲ್ಲಿ ತಮ್ಮ ಕೇಸುಗಳಲ್ಲಿ ಮುಖ್ಯ ಪಾತ್ರ ಮಹಿಳೆಯದ್ದಾಗಿರುವುದು ತೀರಾ ಕಡಿಮೆ ಎಂದು ಒಪ್ಪಿ, ಅದನ್ನು 20%ಕ್ಕೆ ಏರಿಸುತ್ತೇವೆ ಅಂದರು. ಕೇಸಿನಲ್ಲಿ ತನ್ನಂಥವರು ಮ್ಯಾನೇಜರ್ ಆಗಿರುವುದನ್ನು ಒಮ್ಮೆಯೂ ಓದದವರು ತಾನು ಮ್ಯಾನೇಜರ್ ಆಗುತ್ತೇನೆ ಅಂತ ಹೇಗೆ ನಂಬಬೇಕು?

ಒಂದು ಮಾತು ನಮ್ಮ ಕನ್ನಡದವರಿಗೇ. ರಾಯಚೂರಿನ ಕನ್ನಡ ಕೇಳಿದರೆ ನಗುವುದು, ಮಂಗಳೂರಿನ ಕನ್ನಡವನ್ನು ಅಣಕಿಸುವುದು, ಮನೆಯಲ್ಲಿ ಲಂಬಾಣಿಯೋ ಉರ್ದುವೋ ತುಳುವೋ ಆಡುವವರನ್ನು ‘ನಿನ್ನ ಕನ್ನಡ ಒಂಥರಾ ಇದೆ’ ಅನ್ನುವುದು ಇವೆಲ್ಲ ಇಂಗ್ಲಿಷಿನವರು ನಮಗೆ ಮಾಡುವುದನ್ನೇ ನಾವು ಇನ್ನೊಬ್ಬರಿಗೆ ಮಾಡಿದಂತೆ. ಒಳಗೊಳ್ಳುವುದು ಅಂದರೆ ನಮ್ಮನ್ನು ಒಳಗೆ ಬಿಡಿ ಅನ್ನುವುದಷ್ಟೇ ಅಲ್ಲ.

ಹಾಗಾದರೆ ಏನು ಮಾಡಬಹುದು? ದೊಡ್ಡ ದೊಡ್ಡ ಘೋಷಣೆ ಬೇಡ. ಮುಂದಿನ ಸೆಮಿಸ್ಟರಿನಿಂದಲೇ ಆಗುವಂಥ ಕೆಲವು ಕೆಲಸಗಳನ್ನು ವಿಭಾಗದ ಮುಂದಿಡುತ್ತಿದ್ದೇವೆ.

1. ಚರ್ಚೆಗೆ ಮುಂಚೆ ಎಲ್ಲರಿಗೂ ಐದು ನಿಮಿಷ ಬರೆದುಕೊಳ್ಳಲು ಕೊಡಿ. ಕೈ ಎತ್ತಿದವರನ್ನಷ್ಟೇ ಅಲ್ಲ, ಸರದಿಯಂತೆ ಕರೆಯಿರಿ. ಭಾಗವಹಿಸುವಿಕೆಯ ಅಂಕದಲ್ಲಿ ಅರ್ಧ ಬರಹಕ್ಕಿರಲಿ.

2. ಮಾಕ್ ಇಂಟರ್‌ವ್ಯೂನಿಂದ ‘ಫ್ಯಾಮಿಲಿ ಬ್ಯಾಕ್‌ಗ್ರೌಂಡ್’ ಪ್ರಶ್ನೆ ತೆಗೆಯಿರಿ. ಹೊರಗಿನವರು ಕೇಳಿಯೇ ಕೇಳುತ್ತಾರೆ ಅನ್ನುವುದಾದರೆ, ಅದಕ್ಕೆ ಘನತೆಯಿಂದ ಉತ್ತರಿಸುವುದನ್ನು ಕಲಿಸಿ, ಅಂಕ ಹಾಕಬೇಡಿ.

3. ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಮಾತುಗಾರಿಕೆಯ ತರಗತಿಯನ್ನು ವೇಳಾಪಟ್ಟಿಯ ಒಳಗೇ ಇಡಿ. ಸಂಜೆ ಇಟ್ಟರೆ ಕೊನೇ ಬಸ್ಸಿಗೆ ಓಡುವವರಿಗೆ ಅದು ಸಿಗುವುದಿಲ್ಲ. ಕಷ್ಟದ ಪರಿಕಲ್ಪನೆಗಳನ್ನು ಕನ್ನಡದಲ್ಲೂ ಒಮ್ಮೆ ವಿವರಿಸಿದರೆ ಪಾಠದ ಮರ್ಯಾದೆ ಹೋಗುವುದಿಲ್ಲ.

4. ಬ್ಲೇಜರ್ ಬ್ಯಾಂಕ್ ಮಾಡೋಣ. ಮುಗಿಸಿ ಹೋಗುವವರು ಬಿಟ್ಟುಹೋಗಲಿ, ಬರುವವರು ತೊಡಲಿ. ಯಾರು ತೆಗೆದುಕೊಂಡರು ಅಂತ ಯಾರಿಗೂ ಗೊತ್ತಾಗಬೇಕಿಲ್ಲ.

5. ಯುಜಿಸಿ 2012ರಲ್ಲೇ ಪ್ರತಿ ಸಂಸ್ಥೆಯಲ್ಲೂ ಸಮಾನ ಅವಕಾಶ ಕೋಶ ಮತ್ತು ತಾರತಮ್ಯ ವಿರೋಧಿ ಅಧಿಕಾರಿ ಇರಬೇಕೆಂದು ನಿಯಮ ಮಾಡಿತು. ಆ ಅಧಿಕಾರಿ ಯಾರು, ಎಲ್ಲಿ ಕೂರುತ್ತಾರೆ, ಯಾವಾಗ ಸಿಗುತ್ತಾರೆ ಅನ್ನೋದು ಕನ್ನಡದಲ್ಲಿ ನೋಟಿಸ್ ಬೋರ್ಡಿನ ಮೇಲೆ ಇರಲಿ.

6. ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಲೆಕ್ಕ ಇಡಿ. ಯಾವ ಹಿನ್ನೆಲೆಯವರು ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಎಷ್ಟು ಸಂಬಳಕ್ಕೆ ಅಂತ ಹೆಸರಿಲ್ಲದೆ ವರ್ಷಕ್ಕೊಮ್ಮೆ ಪ್ರಕಟಿಸಿ. ಅತಿ ಹೆಚ್ಚು ಪ್ಯಾಕೇಜ್ ಪಡೆದ ಒಬ್ಬರ ಫೋಟೋ ಫ್ಲೆಕ್ಸಿನಲ್ಲಿ ಹಾಕುವುದು ಕಾಲುವೆಯ ಮೊದಲ ಗದ್ದೆ ತೋರಿಸಿದಂತೆ. ಕೊನೆಯ ಹೊಲದ ಸ್ಥಿತಿ ಅಲ್ಲಿ ಕಾಣುವುದಿಲ್ಲ.

ಸಂಘದ ಕಡೆಯಿಂದಲೂ ಕೆಲಸ ಇದೆ. ಫೈನಾನ್ಸ್, ಮಾರ್ಕೆಟಿಂಗ್, ಎಚ್‌ಆರ್ ವಿಷಯಗಳ ಮುಖ್ಯ ಪದಗಳಿಗೆ ಕನ್ನಡದಲ್ಲಿ ಅರ್ಥ, ಉದಾಹರಣೆ ಕೊಡುವ ಚಿಕ್ಕ ಕೈಪಿಡಿಯನ್ನು ಎಂಬಿಎ ಗೆಳೆಯರ ಜೊತೆ ಸೇರಿ ಮಾಡಲು ನಾವು ಸಿದ್ಧ. ಪ್ರತಿ ಶನಿವಾರ ಒಂದು ಗಂಟೆ ಚರ್ಚಾಕೂಟ ನಡೆಸೋಣ. ಮೊದಲ ಅರ್ಧ ಗಂಟೆ ಕನ್ನಡದಲ್ಲಿ, ಆಮೇಲೆ ಅದೇ ವಿಷಯ ಇಂಗ್ಲಿಷಿನಲ್ಲಿ. ವಿಚಾರ ಒಮ್ಮೆ ತಾಯ್ನುಡಿಯಲ್ಲಿ ಗಟ್ಟಿಯಾದರೆ ಇನ್ನೊಂದು ಭಾಷೆಗೆ ದಾಟಿಸುವುದು ಅಷ್ಟು ಕಷ್ಟವಲ್ಲ. ಅಭ್ಯಾಸ ಬೇಕು, ಜೊತೆಗೆ ತಪ್ಪಿದಾಗ ನಗದ ನಾಲ್ಕು ಜನ ಬೇಕು.

ಎಂಬಿಎ ವಿಭಾಗದ ಮೇಷ್ಟ್ರುಗಳು ಇದನ್ನು ದೂರು ಅಂತ ಓದಬಾರದು. ನಿಮ್ಮಲ್ಲೂ ಎಷ್ಟೋ ಜನ ಇದೇ ದಾರಿಯಲ್ಲಿ ಬಂದವರು, ಸಂಜೆ ಸ್ಟಾಫ್ ರೂಮಿನಲ್ಲಿ ಕೂರಿಸಿಕೊಂಡು ಕನ್ನಡದಲ್ಲೇ ಅಕೌಂಟ್ಸ್ ಹೇಳಿಕೊಟ್ಟವರು ಅಂತ ನಮಗೆ ಗೊತ್ತು. ಒಬ್ಬಿಬ್ಬರ ಒಳ್ಳೆಯತನದಿಂದ ನಡೆಯುತ್ತಿರುವುದನ್ನು ವಿಭಾಗದ ನಿಯಮ ಮಾಡಿ ಎಂಬುದಷ್ಟೇ ನಮ್ಮ ಕೋರಿಕೆ. ಒಳ್ಳೆಯ ಮೇಷ್ಟ್ರು ವರ್ಗವಾಗಿ ಹೋಗಬಹುದು. ನಿಯಮ ಉಳಿಯುತ್ತದೆ.

ಒಪ್ಪದವರು ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಒಪ್ಪುವವರು ಶನಿವಾರ ಬನ್ನಿ. ಹಳೆಯ ಬ್ಲೇಜರ್ ಇದ್ದರೆ ತನ್ನಿ.